ಹಕ್ಕುಪತ್ರ ಇಲ್ಲದ ಮನೆಗೆ ನಲ್ಲಿ ನೀರು: ಶಿವಮೊಗ್ಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

'ಗಂಗಾ ಸ್ನಾನ, ತುಂಗಾ ಪಾನ' ಅಂತ ಹೆಸರಾದ ಹೊಳೆ ನಮ್ಮ ಊರಿನ ಮಧ್ಯೆಯೇ ಹರಿಯುತ್ತದೆ. ಗಾಜನೂರು ಅಣೆಕಟ್ಟು ಪಕ್ಕದಲ್ಲೇ ಇದೆ. ಆದರೂ ಚಾನೆಲ್ ಏರಿ ಮೇಲೆ, ಹೊಳೆ ದಂಡೆಯ ತಗ್ಗಿನಲ್ಲಿ, ಊರಂಚಿನ ಸರ್ಕಾರಿ ಜಾಗದಲ್ಲಿ ಶೀಟಿನ ಮನೆ ಕಟ್ಟಿಕೊಂಡವರು ನಸುಕಿನಲ್ಲೇ ಎದ್ದು ಕೊಡ ಹಿಡಿದು ಪಾಳಿ ನಿಲ್ಲುತ್ತಾರೆ. ಅಂಥ ಕಡೆ ಹೋಗಿ ಕೂತಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲ ಪ್ರಶ್ನೆಯ ಉತ್ತರವನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ನಮ್ಮ ಮನೆಗೆ ಹಕ್ಕುಪತ್ರ ಇಲ್ಲ. ನಲ್ಲಿ ಕೇಳಬಹುದಾ?

ಧಾರಾಳವಾಗಿ ಕೇಳಬಹುದು. ಜಾಗ ಯಾರದು ಅನ್ನೋದು ಒಂದು ವಿಚಾರ. ಅಲ್ಲಿರುವ ಜನ ಏನು ಕುಡಿಯಬೇಕು ಅನ್ನೋದು ಇನ್ನೊಂದು. ಇವೆರಡಕ್ಕೂ ಗಂಟು ಹಾಕಿದ್ದರಿಂದಲೇ ಎಷ್ಟೋ ಬೀದಿಗಳಿಗೆ ವರ್ಷಗಟ್ಟಲೆ ಪೈಪ್ ಬಂದಿಲ್ಲ.

ಸಂವಿಧಾನದ 21ನೇ ವಿಧಿ ನಮಗೆ ಬದುಕುವ ಹಕ್ಕು ಕೊಟ್ಟಿದೆ. ಮಾಲಿನ್ಯವಿಲ್ಲದ ನೀರು ಆ ಹಕ್ಕಿನೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿತು. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಕುಡಿಯುವ ನೀರು ಮನುಷ್ಯರ ಹಕ್ಕು ಎಂದು ನಿರ್ಣಯ ಮಾಡಿದಾಗ ಭಾರತವೂ ಅದರ ಪರ ಮತ ಹಾಕಿತ್ತು.

ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು ಬಾಂಬೆ ಹೈಕೋರ್ಟಿನ 2014ರ ತೀರ್ಪು. ಮುಂಬೈನಲ್ಲಿ 2000ನೇ ಇಸವಿಯ ನಂತರ ಎದ್ದ ಗುಡಿಸಲುಗಳಿಗೆ ನೀರು ಕೊಡುತ್ತಿರಲಿಲ್ಲ. ಪಾನಿ ಹಕ್ ಸಮಿತಿ ಎಂಬ ಸಂಘಟನೆ ಇದನ್ನು ಕೋರ್ಟಿಗೆ ಒಯ್ದಿತು. ಗುಡಿಸಲು ಅಕ್ರಮ ಅನ್ನೋ ಒಂದೇ ಕಾರಣಕ್ಕೆ ಕುಡಿಯುವ ನೀರನ್ನು ಪೂರ್ತಿ ನಿಲ್ಲಿಸುವ ಹಾಗಿಲ್ಲ ಎಂದು ಕೋರ್ಟ್ ಹೇಳಿತು. ಅದೇ ಉಸಿರಿನಲ್ಲಿ, ಸಕ್ರಮ ಮನೆಗಳಿಗೆ ಕೊಡುವ ಹಾಗೇ ಕೊಡಬೇಕಿಲ್ಲ, ದರ ಜಾಸ್ತಿ ಇಡಬಹುದು ಅಂತಲೂ ಹೇಳಿತು. ಇದು ಮಹಾರಾಷ್ಟ್ರದ ತೀರ್ಪು, ಕರ್ನಾಟಕದ ಅಧಿಕಾರಿಗಳು ಪಾಲಿಸಲೇಬೇಕು ಅಂತಿಲ್ಲ. ಆದರೆ ಅರ್ಜಿಯಲ್ಲಿ ತಪ್ಪದೆ ಬರೆಯಿರಿ. ಒಂದು ಹೈಕೋರ್ಟ್ ಹೇಳಿದ ಮಾತಿಗೆ ತೂಕ ಇದ್ದೇ ಇರುತ್ತದೆ.

ನಲ್ಲಿ ಬಂದರೆ ಜಾಗ ನಮ್ಮದಾಗುತ್ತಾ?

ಇಲ್ಲ. ನೀರಿನ ಬಿಲ್ ಜಾಗದ ದಾಖಲೆ ಅಲ್ಲ. ನೀವು ಅಲ್ಲಿ ವಾಸವಿದ್ದೀರಿ ಅನ್ನೋದಕ್ಕೆ ಒಂದು ಪುರಾವೆ, ಅಷ್ಟೇ. ಅಧಿಕಾರಿಗಳಿಗೆ ಇದೇ ಭಯ ಇರುತ್ತದೆ. ಹಾಗಾಗಿ 'ಈ ಸಂಪರ್ಕದ ಆಧಾರದ ಮೇಲೆ ಜಾಗದ ಹಕ್ಕು ಕೇಳುವುದಿಲ್ಲ' ಎಂದು ನೀವೇ ಮುಂದಾಗಿ ಬರೆದುಕೊಡಿ. ಇದರಿಂದ ನಿಮಗೇನೂ ನಷ್ಟವಿಲ್ಲ. ಹಕ್ಕುಪತ್ರದ ಹೋರಾಟ ಬೇರೆ ದಾರಿಯಲ್ಲಿ ನಡೆಯುತ್ತಲೇ ಇರಲಿ.

94ಸಿಸಿ ಅರ್ಜಿ ಹಾಕಿದ್ದೇವೆ. ಅದು ಆಗೋವರೆಗೆ ಕಾಯಬೇಕಾ?

ಕಾಯಬೇಡಿ. 94ಸಿಸಿ ಅನ್ನೋದು ನಗರದ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡುವ ಕಂದಾಯ ಇಲಾಖೆಯ ಅರ್ಜಿ. ಹಳ್ಳಿಯಲ್ಲಾದರೆ 94ಸಿ. ತಹಶೀಲ್ದಾರ್ ಕಚೇರಿಯಲ್ಲಿ ಆ ಫೈಲು ಯಾವಾಗ ಮೇಲೇಳುತ್ತದೋ ಹೇಳಲಾಗದು. ನೀರಿನ ಅರ್ಜಿಯ ಜೊತೆ 94ಸಿಸಿ ಸ್ವೀಕೃತಿಯ ಜೆರಾಕ್ಸ್ ಇಡಿ. ಎಷ್ಟು ವರ್ಷದಿಂದ ಅಲ್ಲಿದ್ದೀರಿ ಅನ್ನೋದಕ್ಕೆ ಅದೂ ಒಂದು ಸಾಕ್ಷಿ.

ನಮ್ಮ ಕಾಲೋನಿ 'ಘೋಷಿತ' ಅಲ್ಲ ಅಂತಾರೆ. ಹಾಗಂದರೇನು?

1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯಲ್ಲಿ 3ನೇ ಕಲಂ ಇದೆ. ಅದರ ಪ್ರಕಾರ ಅಧಿಸೂಚನೆ ಹೊರಡಿಸಿದ ಜಾಗ ಘೋಷಿತ ಕೊಳೆಗೇರಿ. ಘೋಷಣೆಯಾದರೆ ರಸ್ತೆ, ಚರಂಡಿ, ನೀರು, ಮನೆ ಇವಕ್ಕೆ ಕೊಳಗೇರಿ ಅಭಿವೃದ್ಧಿ ಮಂಡಳಿ ದುಡ್ಡು ಹಾಕುತ್ತದೆ. ಆಗದಿದ್ದರೆ ಮಂಡಳಿ 'ನಮ್ಮ ಪಟ್ಟಿಯಲ್ಲಿಲ್ಲ' ಅನ್ನುತ್ತದೆ, ಪಾಲಿಕೆ 'ಬಡಾವಣೆ ಅಕ್ರಮ' ಅನ್ನುತ್ತದೆ. ಎರಡರ ನಡುವೆ ಸಿಕ್ಕಿಕೊಂಡ ಕಾಲೋನಿಗಳಿಗೇ ಎಲ್ಲಕ್ಕಿಂತ ಜಾಸ್ತಿ ತೊಂದರೆ.

ಘೋಷಣೆಗೆ ಅರ್ಜಿ ಹಾಕಿ, ಖಂಡಿತ ಹಾಕಿ. ಆದರೆ ಘೋಷಣೆಯಾದ ಮೇಲೇ ನೀರು ಅನ್ನೋ ಮಾತನ್ನು ಒಪ್ಪಬೇಡಿ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ ನಂತರ ನಗರ ಸಂಸ್ಥೆಗಳ ಕೆಲಸಗಳ ಪಟ್ಟಿ ಸಂವಿಧಾನದ 12ನೇ ಅನುಸೂಚಿಯಲ್ಲಿದೆ. ಮನೆಬಳಕೆಯ ನೀರು ಸರಬರಾಜು ಆ ಪಟ್ಟಿಯಲ್ಲಿದೆ, ಕೊಳೆಗೇರಿ ಸುಧಾರಣೆಯೂ ಇದೆ. ಘೋಷಿತ, ಅಘೋಷಿತ ಅನ್ನೋ ಭೇದ ಅಲ್ಲಿಲ್ಲ.

ಹಾಗಾದರೆ ನೀರು ಕೊಡೋದು ಯಾರ ಕೆಲಸ? ಪಾಲಿಕೆಗೆ ಹೋದರೆ ಜಲಮಂಡಳಿ ಅಂತಾರೆ, ಅಲ್ಲಿಗೆ ಹೋದರೆ ಪಾಲಿಕೆ ಅಂತಾರೆ.

ನೀರೆತ್ತುವುದು, ಶುದ್ಧ ಮಾಡುವುದು, ದೊಡ್ಡ ಕೊಳವೆ ಎಳೆಯುವುದು ಇಂಥ ಕೆಲಸದಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಇರುತ್ತದೆ. ಆದರೆ ಊರಿನ ಜನರಿಗೆ ನೀರು ತಲುಪಿಸುವ ಹೊಣೆ ಪಾಲಿಕೆಯದು. ಅರ್ಜಿಯನ್ನು ಪಾಲಿಕೆ ಆಯುಕ್ತರ ಹೆಸರಿಗೆ ಬರೆದು, ಮಂಡಳಿಯ ಎಂಜಿನಿಯರಿಗೂ ಕೊಳಗೇರಿ ಮಂಡಳಿಗೂ ಒಂದೊಂದು ಪ್ರತಿ ಕೊಡಿ. ಮೂರು ಕಡೆಯೂ ಸೀಲ್ ಹಾಕಿಸಿಕೊಂಡರೆ ಯಾರೂ ಇನ್ನೊಬ್ಬರತ್ತ ಕೈ ತೋರಿಸಲಾಗದು.

ಬೀದಿ ನಲ್ಲಿ ಇದೆಯಲ್ಲ, ಸಾಕು ಅಂತಾರೆ. ನಿಜವಾಗಲೂ ಎಷ್ಟು ನೀರು ಬೇಕು?

ಲೆಕ್ಕ ಹಾಕಿ ನೋಡೋಣ. ಈ ಲೆಕ್ಕವನ್ನು ನಿಮ್ಮ ಕಾಲೋನಿಯಲ್ಲೇ ಮಾಡಿ ಅರ್ಜಿಗೆ ಸೇರಿಸಿ, ಯಾಕೆಂದರೆ ಭಾಷಣಕ್ಕಿಂತ ಇದಕ್ಕೆ ಬಲ ಜಾಸ್ತಿ.

ಪ್ಲಾಸ್ಟಿಕ್ ಕೊಡದಲ್ಲಿ ಸುಮಾರು 15 ಲೀಟರ್ ಹಿಡಿಯುತ್ತದೆ. ನಲ್ಲಿ ಚೆನ್ನಾಗಿ ಬಂದರೆ ಒಂದು ಕೊಡ ತುಂಬಲು ಒಂದು ನಿಮಿಷ. ನೀರು ಎರಡು ಗಂಟೆ ಬಿಡುತ್ತಾರೆ ಅಂದುಕೊಳ್ಳಿ. 120 ನಿಮಿಷ, 120 ಕೊಡ. ಆ ನಲ್ಲಿಗೆ 40 ಮನೆ ಇದ್ದರೆ ಮನೆಗೆ ಮೂರು ಕೊಡ, ಅಂದರೆ 45 ಲೀಟರ್. ಐದು ಜನರ ಮನೆಯಾದರೆ ತಲೆಗೆ 9 ಲೀಟರ್. ಅದೂ ಒಂದು ನಿಮಿಷವೂ ಪೋಲಾಗದೆ, ಜಗಳ ಆಗದೆ, ಕರೆಂಟ್ ಹೋಗದೆ ಇದ್ದರೆ.

ಇದನ್ನು ಯಾವುದಕ್ಕೆ ಹೋಲಿಸಬೇಕು? ನೆರೆ, ಭೂಕಂಪದ ನಿರಾಶ್ರಿತರ ಶಿಬಿರಗಳಿಗೆ ಜಗತ್ತಿನ ಪರಿಹಾರ ಸಂಸ್ಥೆಗಳು ಇಟ್ಟುಕೊಂಡಿರುವ ಸ್ಫಿಯರ್ ಮಾನದಂಡ ತಲೆಗೆ ಕನಿಷ್ಠ 15 ಲೀಟರ್. ನಮ್ಮ ಕೇಂದ್ರ ಸರ್ಕಾರದ ಕೈಪಿಡಿ ಬೀದಿ ನಲ್ಲಿಯಿಂದ ಹೊರುವವರಿಗೆ ತಲೆಗೆ 40 ಲೀಟರ್, ಒಳಚರಂಡಿ ಇರುವ ಊರಿನ ಮನೆ ನಲ್ಲಿಗೆ 135 ಲೀಟರ್ ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 50ರಿಂದ 100 ಲೀಟರ್ ಬೇಕು ಅನ್ನುತ್ತದೆ. ಅಂದರೆ ಮನೆ ಮಠ ಕಳಕೊಂಡು ಡೇರೆಯಲ್ಲಿ ಮಲಗಿದವರಿಗೆ ಕೊಡಬೇಕಾದ ನೀರೂ ಈ 40 ಮನೆಗಳಿಗೆ ಸಿಗುತ್ತಿಲ್ಲ.

ಈಗ ಹೊರುವ ಲೆಕ್ಕ. ತಲೆಗೆ 40 ಲೀಟರ್ ಅಂದರೆ ಐದು ಜನರಿಗೆ 200 ಲೀಟರ್, ಹದಿಮೂರು ಹದಿನಾಲ್ಕು ಕೊಡ. ತುಂಬಿದ ಒಂದೊಂದು ಕೊಡವೂ 15 ಕಿಲೋ. ಯಾರು ಹೊರುತ್ತಾರೆ ಅಂತ ಕೇಳುವ ಅಗತ್ಯವೇ ಇಲ್ಲ. ಬಸುರಿ, ಬಾಣಂತಿ, ಸ್ಕೂಲಿಗೆ ಹೊರಟ ಹುಡುಗಿ, ಮಂಡಿ ನೋವಿನ ಅಜ್ಜಿ. ನೀರು ಬರುವ ಹೊತ್ತು ಗೊತ್ತಿಲ್ಲದ ಕಡೆ ಹೆಂಗಸರು ಕೂಲಿ ಬಿಟ್ಟು ಮನೆಯಲ್ಲೇ ಕಾಯುತ್ತಾರೆ. ಹೀಗೆ ಹೋದ ಕೂಲಿ ಯಾವ ಇಲಾಖೆಯ ಲೆಕ್ಕದಲ್ಲೂ ಬರುವುದಿಲ್ಲ. ಬೀದಿ ನಲ್ಲಿ ಮೊದಲ ಮೆಟ್ಟಿಲು, ಬರಲಿ. ಅರ್ಜಿಯಲ್ಲಿ ಕೇಳಬೇಕಾದ್ದು ಮನೆ ನಲ್ಲಿಯನ್ನೇ.

ಅರ್ಜಿಯನ್ನು ಹೇಗೆ ಬರೆಯಬೇಕು?

ಒಬ್ಬೊಬ್ಬರೇ ಹೋಗಬೇಡಿ. ಬೀದಿಯ ಎಲ್ಲ ಮನೆಗಳೂ ಸೇರಿ ಒಂದು ಅರ್ಜಿ, ಅದರ ಹಿಂದೆ ಮನೆಮನೆಯ ಪಟ್ಟಿ: ಮನೆಯ ಯಜಮಾನಿಯ ಹೆಸರು, ಎಷ್ಟು ಜನ, ಎಷ್ಟು ವರ್ಷದಿಂದ ವಾಸ, ರೇಷನ್ ಕಾರ್ಡ್ ಅಥವಾ ವೋಟರ್ ಐಡಿ, ಮೆಸ್ಕಾಂ ಬಿಲ್ ಇದ್ದರೆ ಅದು. ಕರೆಂಟ್ ಮೀಟರ್ ಇರುವ ಮನೆಗೆ ವಾಸದ ಪುರಾವೆ ಇಲ್ಲ ಅನ್ನೋದು ಕಷ್ಟ. ಬಿಳಿ ಹಾಳೆಯ ಮೇಲೆ ಕೈಯಲ್ಲೇ ಕಾಲೋನಿಯ ನಕ್ಷೆ ಬರೆಯಿರಿ. ಪಾಲಿಕೆಯ ಪೈಪ್ ಎಲ್ಲಿವರೆಗೆ ಬಂದಿದೆ, ಅಲ್ಲಿಂದ ಕೊನೆಯ ಮನೆಗೆ ಎಷ್ಟು ಅಡಿ, ಈಗ ನೀರು ತರುವುದು ಎಲ್ಲಿಂದ, ಇಷ್ಟು ತೋರಿಸಿದರೆ ಎಂಜಿನಿಯರ್ ಅಂದಾಜುಪಟ್ಟಿ ಮಾಡಲು ಸುಲಭ. ನೆಪ ಹೇಳುವುದು ಅಷ್ಟೇ ಕಷ್ಟ.

ಒಂದೇ ಬೇಡಿಕೆ ಬರೆಯಬೇಡಿ, ಮೂರು ಬರೆಯಿರಿ. ಮನೆ ನಲ್ಲಿ ಕೊಡಿ. ಅದಾಗುವವರೆಗೆ ಬೀದಿ ನಲ್ಲಿ ಅಥವಾ ಸಿಸ್ಟನ್ (ಬೀದಿಯಲ್ಲಿಡುವ ನೀರಿನ ಸಣ್ಣ ಟ್ಯಾಂಕ್) ಕೊಡಿ. ಅದೂ ಆಗುವವರೆಗೆ ಇಂಥ ದಿನ, ಇಂಥ ಹೊತ್ತಿಗೆ ಟ್ಯಾಂಕರ್ ಕಳಿಸಿ. ಮೂರನೆಯದಕ್ಕೆ ಇಲ್ಲ ಅನ್ನಲು ಯಾವ ಅಧಿಕಾರಿಗೂ ಮುಖ ಬರುವುದಿಲ್ಲ.

2021ರ ಅಕ್ಟೋಬರ್‌ನಲ್ಲಿ ಶುರುವಾದ ಅಮೃತ್ 2.0 ಯೋಜನೆಯ ಗುರಿಯೇ ನಗರದ ಪ್ರತಿ ಮನೆಗೂ ನಲ್ಲಿ. 'ನಮ್ಮ ಬೀದಿ ಯಾವ ಯೋಜನೆಯ ನಕ್ಷೆಯಲ್ಲಿದೆ?' ಎಂದು ಬರವಣಿಗೆಯಲ್ಲೇ ಕೇಳಿ. ಕೊನೆಗೆ ಸ್ವೀಕೃತಿ. ಸೀಲ್, ತಾರೀಕು, ಸಹಿ ಇಲ್ಲದೆ ಕೌಂಟರ್ ಬಿಟ್ಟು ಕದಲಬೇಡಿ.

ನಲ್ಲಿ ಬಂದಿದೆ, ಆದರೆ ನೀರು ವಾಸನೆ ಹೊಡೆಯುತ್ತದೆ. ಯಾಕೆ?

ಬೀದಿಯಲ್ಲಿ ಒಂದು ಸುತ್ತು ಹೋಗಿ ಪೈಪ್ ನೋಡಿ, ಉತ್ತರ ಅಲ್ಲೇ ಸಿಗುತ್ತದೆ. ಇಂಥ ಎಷ್ಟೋ ಕಾಲೋನಿಗಳಲ್ಲಿ ಅರ್ಧ ಇಂಚಿನ ಪೈಪ್ ತೆರೆದ ಚರಂಡಿಯೊಳಗೇ ಮಲಗಿರುತ್ತದೆ. ಅಗೆಯುವ ಖರ್ಚು ಉಳಿಸಲು ಹಾಗೆ ಎಳೆದಿರುತ್ತಾರೆ. ಜಾಯಿಂಟ್ ಬಿಟ್ಟ ಕಡೆ ಹಳೇ ಸೈಕಲ್ ಟ್ಯೂಬ್ ಸುತ್ತಿ, ತಂತಿ ಬಿಗಿದು ಕಟ್ಟಿರುತ್ತಾರೆ. ನೀರು ಬರುವಾಗ ಆ ಟ್ಯೂಬಿನಿಂದ ಸಣ್ಣಗೆ ಚಿಮ್ಮುತ್ತದೆ, ಮಕ್ಕಳು ಅಲ್ಲೇ ಕೈ ಒಡ್ಡುತ್ತಾರೆ.

ನೀರು ಹೊರಗೆ ಚಿಮ್ಮುವುದು ದೊಡ್ಡ ಅಪಾಯವಲ್ಲ. ನೀರು ನಿಂತ ಮೇಲೆ ಆಗುವುದು ಅಪಾಯ. ವಾಲ್‌ಮನ್ ವಾಲ್ವ್ ಮುಚ್ಚಿದಾಗ ಪೈಪ್ ಖಾಲಿಯಾಗುತ್ತದೆ, ಒಳಗಿನ ಒತ್ತಡ ಬೀಳುತ್ತದೆ. ಆಗ ಅದೇ ಬಿರುಕಿನಿಂದ ಚರಂಡಿಯ ನೀರು ಒಳಗೆ ಹೀರಿಕೊಳ್ಳುತ್ತದೆ. ಮಾರನೇ ದಿನ ನಲ್ಲಿ ತಿರುಗಿಸಿದಾಗ ಮೊದಲು ಬರುವುದು ಅದೇ. ನೀರು ಶುದ್ಧೀಕರಣ ಕೇಂದ್ರದಲ್ಲಿ ಎಷ್ಟೇ ಚೆನ್ನಾಗಿ ಶುದ್ಧ ಮಾಡಿದರೂ ಕೊನೆಯ ಐವತ್ತು ಅಡಿಯಲ್ಲಿ ಎಲ್ಲ ಹಾಳು. ದಿನವಿಡೀ ನೀರು ಬರುವ ಪೈಪಿನಲ್ಲಿ ಒಳಗಿನ ಒತ್ತಡವೇ ಕೊಳೆಯನ್ನು ಹೊರಗಿಡುತ್ತದೆ. 24 ಗಂಟೆ ನೀರು ಬೇಕು ಅನ್ನುವುದಕ್ಕೆ ಅನುಕೂಲಕ್ಕಿಂತ ಆರೋಗ್ಯವೇ ದೊಡ್ಡ ಕಾರಣ.

ಇನ್ನೊಂದು, ನಲ್ಲಿ ಗುಂಡಿ. ಒತ್ತಡ ಕಡಿಮೆ ಇರುವ ಕಡೆ ಜನ ಎರಡು ಅಡಿ ಗುಂಡಿ ತೋಡಿ ಪೈಪನ್ನು ಕೆಳಗಿಳಿಸಿ ಅಲ್ಲಿ ಕೊಡ ಇಡುತ್ತಾರೆ. ಬೇರೆ ದಾರಿ ಇಲ್ಲದೆ ಮಾಡಿಕೊಂಡದ್ದು, ಅವರನ್ನು ದೂರುವ ಹಾಗಿಲ್ಲ. ಆದರೆ ಗುಂಡಿಯಲ್ಲಿ ಪಾತ್ರೆ ತೊಳೆದ ನೀರು, ಮಳೆ ನೀರು ನಿಲ್ಲುತ್ತದೆ, ಪೈಪಿನ ಬಾಯಿ ಅದರಲ್ಲೇ ಮುಳುಗಿರುತ್ತದೆ. ಅಲ್ಲೂ ಅದೇ ಹೀರುವಿಕೆ. ಸದ್ಯಕ್ಕೆ ಗುಂಡಿಗೆ ಸಿಮೆಂಟ್ ಹಾಕಿ, ಕೊನೆಗೆ ಮುಚ್ಚಳ ಇರುವ ನಲ್ಲಿ ಕೂರಿಸಿ. ಮೊದಲ ಎರಡು ಕೊಡ ಬಟ್ಟೆ ಒಗೆಯಲು ಇರಲಿ. ಪೈಪನ್ನು ಚರಂಡಿಯಿಂದ ಎತ್ತಿಸುವ ಬೇಡಿಕೆಗೆ ಫೋಟೊ ತೆಗೆದಿಟ್ಟುಕೊಳ್ಳಿ.

ನಲ್ಲಿಗೇ ಮೋಟಾರ್ ಹಾಕಿ ಎಳೆಯಬಹುದಾ?

ಬೇಡ. ನಿಮ್ಮ ಮುಂದಿನ ಮನೆಗೆ ನೀರು ಹೋಗುವುದಿಲ್ಲ. ಮೋಟಾರ್ ಪೈಪಿನ ಬಿರುಕಿನಿಂದ ಕೊಳೆಯನ್ನೂ ಸೇರಿಸಿ ಎಳೆಯುತ್ತದೆ.

ನೀರು ಚೆನ್ನಾಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಕಣ್ಣಿಗೆ ಕಾಣುವುದಿಲ್ಲ. ಬ್ಲೀಚಿಂಗ್ ಪೌಡರ್ ವಾಸನೆ ಬಂತು ಅಂತ ಕೆಲವರು ನೀರು ಚೆಲ್ಲುತ್ತಾರೆ. ಅದು ಒಳ್ಳೆಯ ಗುರುತು. ನಿಮ್ಮ ನಲ್ಲಿಯ ತುದಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಕುಡಿಯುವ ನೀರಿಗೆ ಇರುವ 2012ರ ಐಎಸ್ 10500 ಎಂಬ ಭಾರತೀಯ ಮಾನದಂಡ ಹೇಳುತ್ತದೆ. ಆರೋಗ್ಯ ಇಲಾಖೆಯವರ ಹತ್ತಿರ ಚಿಕ್ಕ ಕಿಟ್ ಇರುತ್ತದೆ. ನೀರಿಗೆ ಔಷಧಿ ಹನಿ ಬಿಟ್ಟರೆ ಹಳದಿ ಬಣ್ಣ ಬರುತ್ತದೆ, ಬರದಿದ್ದರೆ ಕ್ಲೋರಿನ್ ಇಲ್ಲ. ಆಶಾ ಕಾರ್ಯಕರ್ತೆಯನ್ನು ಕರೆದು ಬೀದಿಯ ಕೊನೆಯ ನಲ್ಲಿಯಲ್ಲಿ ಮಾಡಿಸಿ, ಮೊದಲ ನಲ್ಲಿಯಲ್ಲಿ ಅಲ್ಲ.

ಅದೇ ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಇ ಕೋಲಿ ಒಂದೂ ಇರಬಾರದು. ಮಲದ ಕೊಳೆ ಸೇರಿದೆಯಾ ಅಂತ ನೋಡುವ ಎಚ್2ಎಸ್ ಪರೀಕ್ಷೆಯ ಬಾಟಲಿಯಲ್ಲಿ ನೀರು ತುಂಬಿಟ್ಟಾಗ ಒಂದೆರಡು ದಿನದಲ್ಲಿ ಕಪ್ಪಾದರೆ ಕುಡಿಯಬೇಡಿ. ಸಂಶಯ ಇದ್ದರೆ ಕುದಿಸಿ. ಕೊತ ಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಅರ್ಧ ಬಿಸಿ ಮಾಡಿದರೆ ಏನೂ ಉಪಯೋಗವಿಲ್ಲ.

ನಮ್ಮದು ತೆರೆದ ಬಾವಿ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಪೌಡರ್. ಬಾವಿಯ ಅಗಲ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ಸುಮಾರು 9,400 ಲೀಟರ್ ಆಯಿತು. ಅದಕ್ಕೆ 24 ಗ್ರಾಂ. ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕಲಕಿ. ರಾತ್ರಿ ಹಾಕಿದರೆ ಬೆಳಗ್ಗೆ ಸೇದಬಹುದು.

ಬೋರ್ ನೀರು ಕೊಡದ ತಳದಲ್ಲಿ ಕೆಂಪಗೆ ಕೂರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಅದು ಕಬ್ಬಿಣದ ಅಂಶ. ರಾತ್ರಿಯಿಡೀ ತೆರೆದಿಟ್ಟು, ತಿಳಿಯಾದ ಮೇಲೆ ಬಟ್ಟೆಯಲ್ಲಿ ಸೋಸಿದರೆ ಬಹಳಷ್ಟು ಇಳಿಯುತ್ತದೆ.

ಐದು ರೂಪಾಯಿ ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದಲ್ಲ, ಅದು ಸಾಲದಾ?

ಕುಡಿಯಲು ಆಗುತ್ತದೆ. ಪಾತ್ರೆ ತೊಳೆಯಲು, ಮಗುವಿಗೆ ಸ್ನಾನ ಮಾಡಿಸಲು, ಕಕ್ಕಸಿಗೆ ಹಾಕಲು ಆಗಲ್ಲ. ರೋಗ ಬರುವುದು ಕುಡಿಯುವ ನೀರಿನಿಂದ ಮಾತ್ರವಲ್ಲ, ಕೈ ತೊಳೆಯಲು ನೀರಿಲ್ಲದ್ದರಿಂದಲೂ ಬರುತ್ತದೆ. ಶುದ್ಧ ನೀರಿನ ಘಟಕ ಕೊಟ್ಟಿದ್ದೇವಲ್ಲ ಅಂತ ನಲ್ಲಿಯ ಬೇಡಿಕೆಯನ್ನು ಬದಿಗಿಟ್ಟರೆ ಒಪ್ಪಬೇಡಿ. ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹಾಗಾಗಿ ಕ್ಯಾನ್ ಕೊಳಕಿದ್ದರೆ ನೀರು ಬೇಗ ಕೆಡುತ್ತದೆ.

ಡ್ರಮ್ಮಿನಲ್ಲಿ ನೀರು ಹಿಡಿದಿಟ್ಟರೆ ಡೆಂಗಿ ಬರುತ್ತದೆ ಅಂತ ಬೈತಾರೆ. ಹಿಡಿದಿಡದೆ ಏನು ಮಾಡೋದು?

ಬೈಯುವವರ ಮನೆಯಲ್ಲಿ ದಿನಾ ನಲ್ಲಿ ಬರುತ್ತದೆ ಅಲ್ವಾ? ಮೂರು ದಿನಕ್ಕೊಮ್ಮೆ ನೀರು ಬಿಟ್ಟರೆ ಡ್ರಮ್ ಇಡಲೇಬೇಕು. ಡೆಂಗಿ ಸೊಳ್ಳೆಗೂ ನೀರಿನ ಕೊರತೆಗೂ ಇರುವ ನಂಟು ಇದೇ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಡ್ರಮ್ ಪೂರ್ತಿ ಬರಿದು ಮಾಡಿ ಒಳಗೋಡೆಯನ್ನು ನಾರಿನಿಂದ ಗಸಗಸ ಉಜ್ಜಿ. ಸುಮ್ನೆ ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಮುಚ್ಚಳ ಇಲ್ಲದಿದ್ದರೆ ಹಳೇ ಸೀರೆ ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ.

ಹೊಳೆ ಏರಿದಾಗ ಏನು ಮಾಡಬೇಕು?

ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿನ ಮಂಟಪ ಮುಳುಗಿತು ಅಂದರೆ ಶಿವಮೊಗ್ಗದವರಿಗೆ ಬೇರೆ ಸುದ್ದಿ ಬೇಡ. 2019ರ ಆಗಸ್ಟಿನಲ್ಲಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಮನೆಯೊಳಗೆ ಸೊಂಟದವರೆಗೆ ನೀರು, ಕುಡಿಯಲು ಮಾತ್ರ ಒಂದು ಲೋಟವೂ ಇಲ್ಲ ಅನ್ನೋ ಸ್ಥಿತಿ ಅದು. ಮಂಟಪ ಮುಳುಗುವ ಮೊದಲೇ ಎರಡು ಕ್ಯಾನ್ ನೀರು ತುಂಬಿ ಎತ್ತರದಲ್ಲಿಡಿ. ನೆರೆ ಇಳಿದ ಮೇಲೆ ನಲ್ಲಿ ನೀರನ್ನು ಕೆಲವು ದಿನ ಕುದಿಸದೆ ಕುಡಿಯಬೇಡಿ. ಸಿಸ್ಟನ್ ತೊಳೆಸಿ ಕ್ಲೋರಿನ್ ಹಾಕಿಸುವವರೆಗೆ ಟ್ಯಾಂಕರ್ ಕೇಳಿ. ವಾಂತಿ ಭೇದಿ, ಕಾಮಾಲೆ, ಟೈಫಾಯಿಡ್, ಇಲಿ ಜ್ವರ ಬರುವ ಹೊತ್ತು ಅದು. ಭೇದಿ ಶುರುವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕುಡಿಸುತ್ತಾ ಆಸ್ಪತ್ರೆಗೆ ಹೊರಡಿ.

ಇಷ್ಟು ಮಳೆ ಬೀಳುತ್ತದಲ್ಲ, ಹಿಡಿಯಬಹುದಾ?

ಹಿಡಿಯಬಹುದು. 200 ಚದರಡಿ ಶೀಟಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸೋರಿಕೆ ಕಳೆದು ಸುಮಾರು 150 ಲೀಟರ್ ಸಿಗುತ್ತದೆ, ಹತ್ತು ಕೊಡ. ಮೊದಲ ಮಳೆಯ ನೀರು ಬಿಟ್ಟುಬಿಡಿ. ತಗಡಿನ ಶೀಟಾದರೆ ಸೋಸಿ ಕುದಿಸಿ ಕುಡಿಯಬಹುದು, ಕಲ್ನಾರಿನ ಶೀಟಾದರೆ ಬಟ್ಟೆ, ಪಾತ್ರೆ, ಸ್ನಾನಕ್ಕೆ ಮಾತ್ರ ಇರಲಿ. ಫೆಬ್ರವರಿಯಿಂದ ಮೇವರೆಗೆ ಇದು ನೆರವಾಗಲ್ಲ, ಕಷ್ಟ ಇರುವುದೂ ಆಗಲೇ.

ನಾವು ತೀರ್ಥಹಳ್ಳಿ, ಹೊಸನಗರದ ಕಡೆಯವರು. ಗುಡ್ಡದ ಮೇಲಿನ ಮನೆಗೆ ಅಬ್ಬಿ ನೀರನ್ನೇ (ಗುಡ್ಡದ ಒರತೆಯ ನೀರು) ಪೈಪಿನಲ್ಲಿ ತರುತ್ತೇವೆ. ಪರವಾಗಿಲ್ವಾ?

ಅಬ್ಬಿ ನೀರು ಹುಟ್ಟುವ ಕಡೆ ಚೊಕ್ಕವಾಗಿರುತ್ತದೆ. ಒರತೆಯ ಮೇಲ್ಗಡೆ ಹೊಸ ಮನೆ, ಕಕ್ಕಸಿನ ಗುಂಡಿ, ಕೊಟ್ಟಿಗೆ ಬಂದಿದೆಯಾ ನೋಡಿ, ಬಂದಿದ್ದರೆ ಪರೀಕ್ಷೆ ಮಾಡಿಸಿ. ಇನ್ನೊಂದು ಮಾತು: ಬೇಸಿಗೆಯಲ್ಲಿ ಒರತೆ ಸಣ್ಣದಾದಾಗ ತೋಟದವರ ಪೈಪಿಗೆ ಮೊದಲು ಹೋಗಿ ಕೂಲಿಯವರ ಲೈನ್ ಮನೆಗಳಿಗೆ ನೀರು ನಿಲ್ಲುತ್ತದೆ. ಹಂಚಿಕೆಯ ಮಾತನ್ನು ಮಳೆಗಾಲದಲ್ಲೇ, ಎಲ್ಲರಿಗೂ ನೀರಿರುವಾಗಲೇ ಪಂಚಾಯ್ತಿಯಲ್ಲಿ ಕೂತು ಮುಗಿಸಿಕೊಳ್ಳಿ.

ಬಾಡಿಗೆಗೆ ಇದ್ದೇವೆ. ಓನರ್ ನಲ್ಲಿ ಹಾಕಿಸಲ್ಲ ಅಂತಾರೆ.

ಬೀದಿಯ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರಲಿ. ಟೆಂಟ್ ಹಾಕಿಕೊಂಡು ಬೇರೆ ಜಿಲ್ಲೆಯಿಂದ ಕೂಲಿಗೆ ಬಂದವರೂ ಇರಲಿ. ಅವರನ್ನು ಬಿಟ್ಟು ಎಣಿಸಿದರೆ ಟ್ಯಾಂಕರ್ ಲೆಕ್ಕ ಕಡಿಮೆಯಾಗಿ ಎಲ್ಲರಿಗೂ ನೀರು ಸಾಲದು.

ಅರ್ಜಿ ಕೊಟ್ಟು ತಿಂಗಳುಗಳಾಯಿತು. ಉತ್ತರವೇ ಇಲ್ಲ.

ಮೊದಲು ಮಾಹಿತಿ ಹಕ್ಕಿನಲ್ಲಿ ಕೇಳಿ: 'ಇಂಥ ದಿನದ ನಮ್ಮ ಅರ್ಜಿಯ ಮೇಲೆ ಏನು ಕ್ರಮವಾಗಿದೆ, ಕಡತದ ಟಿಪ್ಪಣಿಯ ಪ್ರತಿ ಕೊಡಿ.' ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಎಷ್ಟೋ ಸಲ ಈ ಒಂದು ಕಾಗದಕ್ಕೇ ಫೈಲು ಅಲುಗಾಡುತ್ತದೆ. ಅರ್ಜಿ ತಿರಸ್ಕರಿಸಿದರೆ ಬಾಯಿಮಾತು ಬೇಡ, ಕಾರಣ ಬರೆದುಕೊಡಲು ಹೇಳಿ.

ಆಮೇಲೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಅದೇ ಕಾಯ್ದೆಯಲ್ಲಿ ಖಾಯಂ ಜನತಾ ನ್ಯಾಯಾಲಯದ ವ್ಯವಸ್ಥೆ ಇದೆ, ನೀರು ಸರಬರಾಜಿನ ತಕರಾರು ಅದರ ವ್ಯಾಪ್ತಿಗೆ ಬರುತ್ತದೆ. ಅಲ್ಲೂ ಆಗದಿದ್ದರೆ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ (ಅಧಿಕಾರಿಗಳು ತಮ್ಮ ಕೆಲಸ ಮಾಡುವಂತೆ ಹೈಕೋರ್ಟಿನ ಆದೇಶ ಕೇಳುವುದು), ಶಿವಮೊಗ್ಗದವರಿಗೆ ಬೆಂಗಳೂರಿನ ಹೈಕೋರ್ಟ್ ಪೀಠ. ಆಗ ನಿಮ್ಮ ಕೈಯಲ್ಲಿ ಇರಬೇಕಾದ್ದು ಸೀಲ್ ಬಿದ್ದ ಅರ್ಜಿಯ ಪ್ರತಿ, ಮನೆಮನೆಯ ಪಟ್ಟಿ, ಕೊಡದ ಲೆಕ್ಕ, ಚರಂಡಿಯಲ್ಲಿ ಮಲಗಿದ ಪೈಪಿನ ಫೋಟೊ. ಇವನ್ನು ಒಂದೇ ಮನೆಯಲ್ಲಿ ಇಡಬೇಡಿ. ನೆರೆಯಲ್ಲಿ ಕಾಗದ ಹೋದವರು ಬಹಳ ಜನ ಇದ್ದಾರೆ. ಇನ್ನೊಂದು ಪ್ರತಿ ಎತ್ತರದ ಬೀದಿಯ ಪರಿಚಯದವರ ಮನೆಯಲ್ಲಿರಲಿ.